ಐದೂ ವೈರು ಕೆಂಪೇ!

ಇರುವುದು ಮೂರು ತೂತು. ಸೇರಬೇಕಾದದ್ದು ಮೂರು ವೈರು. ಇಷ್ಟಕ್ಕೆ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಕೈಕಾಲು ಹಿಡಿಯಬೇಕೇ? ಸಾಧ್ಯವೇ ಇಲ್ಲ!

"ಇವತ್ತಿನಿಂದ ಈ ಮನೆಯ ಕರೆಂಟಿಗೆ ನಾನೇ ಯಜಮಾನ! ಆ ತಿಪ್ಪೇರುದ್ರ ಬಂದು ಬಾಗಿಲು ಬಡಿದರೂ ಒಳಗೆ ಬಿಡಬೇಡ!" ಎಂದು ಆ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಗುಡುಗಿದೆ. ಮಧುಗಿರಿಯ ಕೋರ್ಟಿನಲ್ಲಿ ನಾನು ಶಿರಸ್ತೇದಾರ. ಫೈಲು ಸಿಗದಿದ್ದಾಗ ನಾನು ಹಾಕುವ ಕೂಗಿಗೆ ಹೊರಗೆ ಬೇವಿನ ಮರದಡಿ ಬೀಡಿ ಸೇದುತ್ತಿರುವ ಸಾಕ್ಷಿಗಳೂ ಎದ್ದು ನಿಲ್ಲುತ್ತಾರೆ. ಆದರೆ ನನ್ನ ಹೆಂಡತಿ ವನಜಾ ಕೂತಲ್ಲಿಂದ ಅಲುಗಲಿಲ್ಲ.

"ಬಡಿಯೋಕೆ ಅವನು ಮೊದ್ಲು ಬರ್ಬೇಕಲ್ರೀ!" ಅಂದಳು.

ಅದೇ ನನ್ನ ಕೋಪದ ಮೂಲ! ನಡುಮನೆಯ ಪ್ಲಗ್ ಪಾಯಿಂಟು ಸುಟ್ಟುಹೋಗಿತ್ತು. ವನಜಾ ಬ್ಲೌಸ್ ಹೊಲಿಯುವವಳು. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನು ಕೊಟ್ಟು ಮೋಟರಿನದು ತಂದ ಮೇಲೆ ಕರೆಂಟಿಲ್ಲದೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಎಲೆಕ್ಟ್ರಿಷಿಯನ್ ತಿಪ್ಪೇರುದ್ರನಿಗೆ ಫೋನು ಮಾಡಿದೆ. ಬುಧವಾರ, "ಕೊರಟಗೆರೇಲಿದೀನಿ ಸಾರ್, ಅರ್ಧ ಗಂಟೇಲಿ ಬಂದೆ" ಅಂದ. ಗುರುವಾರ, "ಕಳ್ಳಂಬೆಳ್ಳದಾಗಿದೀನಿ ಸಾರ್, ಹೊಂಟೆ" ಅಂದ. ಶುಕ್ರವಾರ ಸಿರಾ ದಾಟಿದ್ದ. ಶನಿವಾರ ಆಂಧ್ರದ ಗಡಿಯ ನಾಗಲಮಡಿಕೆ ತಲುಪಿದ್ದ. ಇವನು ನಮ್ಮ ಮನೆಗೆ ಬರುತ್ತಿದ್ದಾನೋ, ಆಂಧ್ರಕ್ಕೆ ಓಡಿಹೋಗುತ್ತಿದ್ದಾನೋ!

ಅಲ್ಲಿಯ ತನಕ ವನಜಾ ಅಡಿಗೆಮನೆಯ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸು ಎಳೆದುಕೊಂಡು ಹೇಗೋ ಹೊಲಿಯುತ್ತಿದ್ದಳು. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಬರುತ್ತಿದ್ದ ನನಗೆ ಆ ವೈರು ಕಾಲಿಗೆ ತೊಡರಿತು. ಬಿಸಿ ಕಾಫಿ ಎದೆಯ ಮೇಲೆ! ಸಿಟ್ಟಿನಲ್ಲಿ ಬಾಕ್ಸಿಗೆ ಒಂದು ಒದ್ದೆ. ಅದು ಗೋಡೆಗೆ ಬಡಿದು ಎರಡು ಹೋಳಾಯಿತು. ಕೋಪ ನನ್ನದು, ಕಾಲು ನನ್ನದು, ಒಡೆದದ್ದು ನಮ್ಮ ಬಾಕ್ಸು. ತಪ್ಪು ಯಾರದು? ತಿಪ್ಪೇರುದ್ರನದು!

ವನಜಾ ಬಾಕ್ಸಿನ ಎರಡು ಹೋಳನ್ನೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಒದ್ದು ಬಿಟ್ರಾ? ಖುಷಿ ಆಯ್ತಾ? ನಾಳೆ ಪುರವರದಲ್ಲಿ ಮದುವೆ. ಹುಡುಗಿ ತಾಯಿ ಓಬಳಮ್ಮ ಮಧ್ಯಾಹ್ನ ಬ್ಲೌಸಿಗೆ ಬರ್ತಾರೆ. ಧಾರೆ ಬ್ಲೌಸಿಗೆ ಇನ್ನೂ ತೋಳೇ ಕೂರಿಸಿಲ್ಲ. ಹೆಣ್ಣನ್ನ ತೋಳಿಲ್ದೆ ಹಸೆಮಣೆ ಮೇಲೆ ಕೂರಿಸ್ತಾರೇನ್ರೀ?"

"ಒಂದು ಗಂಟೆ ಕೊಡು. ಹೊಸ ಪಾಯಿಂಟ್ ಕೂರಿಸ್ತೀನಿ!"

"ಬೇಡಪ್ಪಾ. ಮೆಷಿನ್ ಅಡಿಗೆಮನೆಗೇ ಎತ್ತಿಡಿ, ಅಲ್ಲೇ ಹೊಲಿತೀನಿ."

"ರೇಷ್ಮೆ ಬ್ಲೌಸನ್ನ ಸಾರಿನ ಪಕ್ಕ ಕೂತು ಹೊಲಿತೀಯಾ? ಗಂಡ ಅಂತ ನಾನು ಯಾಕಿದೀನಿ?"

"ನಾನೂ ಅದೇ ಯೋಚ್ನೆ ಮಾಡ್ತಿದ್ದೆ!" ಅಂದಳು.

ನೋಡಿ, ಇಂಥ ಮಾತು ಕೇಳಿದ ಮೇಲೆ ಹಿಂದೆ ಸರಿಯುವ ವಂಶ ನಮ್ಮದಲ್ಲ. ಹೋದೆ, ಅಂಗಡಿಯಿಂದ ಹೊಸ ಪ್ಲಗ್ ಪಾಯಿಂಟು, ಸ್ವಿಚ್ಚು, ಟೆಸ್ಟರು, ಟೇಪು ತಂದೆ. "ಮೇನ್ ಆಫ್ ಮಾಡ್ರೀ!" ಎಂದು ವನಜಾ ಅಡಿಗೆಮನೆಯಿಂದ ಕೂಗಿದಳು. ಕೂಗದಿದ್ದರೂ ಮಾಡುತ್ತಿದ್ದೆ. ಕೂಗಿದ್ದರಿಂದ ಸಿಟ್ಟು ಬಂತು, ಆದರೂ ಮಾಡಿದೆ.

ಬೋರ್ಡು ಬಿಚ್ಚಿದೆ. ಒಳಗೆ ಹಳೆಯ ಜೇಡರ ಬಲೆ, ಸತ್ತ ಜಿರಲೆ ಒಂದು, ವೈರಿನ ಸಿಂಬೆ ಒಂದು. ಆ ಬೋರ್ಡಿನಲ್ಲಿ ಪ್ಲಗ್ಗಿನ ಜೊತೆ ಫ್ಯಾನಿನ ಸ್ವಿಚ್ಚು, ದೇವರ ಮನೆಯ ಬಲ್ಬಿನ ಸ್ವಿಚ್ಚೂ ಇದ್ದವು. ಮಾಡುವುದಾದರೆ ಶುದ್ಧವಾಗಿ ಮಾಡಬೇಕೆಂದು ಎಲ್ಲ ಸ್ಕ್ರೂಗಳನ್ನೂ ಸಡಿಲಿಸಿ, ಎಲ್ಲ ವೈರುಗಳನ್ನೂ ಒಟ್ಟಿಗೆ ಕಿತ್ತು ಈಚೆಗೆ ಎಳೆದೆ. ಯಾವುದು ಎಲ್ಲಿತ್ತು ಎಂದು ಗುರುತು ಮಾಡಿಕೊಂಡೆನೇ? ಯಾಕೆ ಮಾಡಿಕೊಳ್ಳಲಿ? ಕೆಂಪು ಎಂದರೆ ಕರೆಂಟು ಬರುವ ಫೇಸು, ಕಪ್ಪು ಎಂದರೆ ಅದು ವಾಪಸು ಹೋಗುವ ನ್ಯೂಟ್ರಲ್ಲು, ಹಸಿರು ಎಂದರೆ ಭೂಮಿಗಿಳಿಯುವ ಅರ್ತು. ಇಷ್ಟು ನನಗೆ ಹೈಸ್ಕೂಲಿನಿಂದ ಬಾಯಿಪಾಠ!

ಸಿಂಬೆ ಬಿಡಿಸಿ, ಧೂಳು ಒರೆಸಿ ನೋಡಿದೆ. ಕೆಂಪು. ಕೆಂಪು. ಕೆಂಪು. ಕೆಂಪು. ಕೆಂಪು!

ಐದೂ ವೈರು ಕೆಂಪೇ! ನನ್ನ ಕಣ್ಣೂ ಕೆಂಪಾಯಿತು. ಯಾವ ಪಾಪಿ ಈ ಮನೆಗೆ ವೈರಿಂಗ್ ಮಾಡಿದ್ದು? ಮನುಷ್ಯನೇ ಅವನು? ಕಪ್ಪು ಬಣ್ಣದ ಮೇಲೆ ಅವನಿಗೇನು ಹಗೆ? ಹಸಿರು ಅವನಿಗೆ ಏನು ಅನ್ಯಾಯ ಮಾಡಿತ್ತು? ಕೈಗೆ ಸಿಕ್ಕರೆ ಅವನನ್ನು ಇದೇ ಐದು ವೈರಿನಲ್ಲಿ ಕಂಬಕ್ಕೆ ಕಟ್ಟುತ್ತಿದ್ದೆ!

"ಏನಾಯ್ತ್ರೀ? ಯಾರಿಗೆ ಬೈತಿದೀರಾ?"

"ಯಾರಿಗೂ ಇಲ್ಲ! ಕೆಲಸ ಸರಾಗವಾಗಿ ನಡೀತಿದೆ!"

ಮೇನ್ ಹಾಕಿ, ಒಂದೊಂದೇ ವೈರಿಗೆ ಟೆಸ್ಟರು ಮುಟ್ಟಿಸಿದೆ. ಒಂದರಲ್ಲಿ ದೀಪ ಹತ್ತಿತು. ಅದೇ ಫೇಸು! ಸಿಕ್ಕಿಬಿದ್ದೆಯಾ! ಮತ್ತೆ ಮೇನ್ ಆಫ್ ಮಾಡಿ ಅದಕ್ಕೊಂದು ಟೇಪು ಸುತ್ತಿದೆ. ಉಳಿದ ನಾಲ್ಕರಲ್ಲಿ ಟೆಸ್ಟರು ಹತ್ತಲಿಲ್ಲ. ಅವುಗಳಲ್ಲಿ ಒಂದು ನ್ಯೂಟ್ರಲ್ಲು, ಒಂದು ಅರ್ತು, ಒಂದು ಫ್ಯಾನಿನದು, ಒಂದು ಬಲ್ಬಿನದು. ನಾಲ್ಕೂ ಸಂತೆಯಲ್ಲಿ ಸಿಕ್ಕಿಬಿದ್ದ ಜೇಬುಗಳ್ಳರಂತೆ ತುಟಿ ಬಿಚ್ಚದೆ ನಿಂತಿದ್ದವು. ಅವುಗಳಲ್ಲಿ ಸ್ವಲ್ಪ ಸಭ್ಯವಾಗಿ ಕಂಡದ್ದನ್ನು ನ್ಯೂಟ್ರಲ್ ಎಂದು ತೀರ್ಮಾನಿಸಿ, ಫೇಸಿನ ಜೊತೆ ಪ್ಲಗ್ಗಿಗೆ ಬಿಗಿದು ಮೇನ್ ಹಾಕಿದೆ. ಬಾಕಿಯವನ್ನು ಆಮೇಲೆ ವಿಚಾರಿಸಿಕೊಂಡರಾಯಿತು.

"ವನಜಾ! ಬಾ! ತುಳಿ!"

ವನಜಾ ಬಂದು ಮೆಷಿನ್ನಿನ ಮುಂದೆ ಕೂತು ಪೆಡಲ್ ಒತ್ತಿದಳು. ಮೆಷಿನ್ನು ಹೊಟ್ಟೆನೋವು ಬಂದವರಂತೆ ಒಮ್ಮೆ ನರಳಿತು. ಸೂಜಿ ಅಲ್ಲಾಡಲಿಲ್ಲ. ಬದಲಿಗೆ ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗತೊಡಗಿತು! ಅವಳು ಕಾಲು ತೆಗೆದಳು. ಫ್ಯಾನು ನಿಂತಿತು. ಕಾಲು ಇಟ್ಟಳು. ತಿರುಗಿತು.

"ಏನ್ರೀ ಇದು? ಮೆಷಿನ್ ತುಳಿದ್ರೆ ಫ್ಯಾನ್ ತಿರುಗುತ್ತೆ?"

ಮೆಷಿನ್ನಿಗೆ ಹೋದ ಕರೆಂಟು ಫ್ಯಾನಿನ ಮೂಲಕ ಸುತ್ತಿ ಹೋಗುತ್ತಿತ್ತು. ಅಂದರೆ ನಾನು ಹಿಡಿದದ್ದು ಫ್ಯಾನಿನ ವೈರು. ಅದನ್ನು ಒಪ್ಪಿಕೊಳ್ಳುವುದುಂಟೇ?

"ಹೊಲಿಯುವಾಗ ಸೆಕೆ ಆಗುತ್ತೆ ಅಂತಿದ್ದೆಯಲ್ಲ!" ಅಂದೆ.

"ನನಗೆ ಗಾಳಿ ಬೇಡ! ತೋಳು ಬೇಕು, ತೋಳು!"

ಮೇನ್ ಆಫ್. ಆ ವೈರು ಬಿಚ್ಚಿ ಇನ್ನೊಂದನ್ನು ಬಿಗಿದೆ. ಮೇನ್ ಆನ್. ವನಜಾ ತುಳಿದಳು. ಈ ಸಲ ಮೆಷಿನ್ನು ನರಳಲೂ ಇಲ್ಲ. ಫ್ಯಾನೂ ತಿರುಗಲಿಲ್ಲ. ಅವಳು ಸಿಟ್ಟಿನಲ್ಲಿ ಪೆಡಲನ್ನು ಪಟಪಟ ಒತ್ತಿದಳು. ಆಗ ದೇವರ ಮನೆಯಿಂದ ಒಂದು ಕೂಗು ಕೇಳಿಸಿತು.

"ಲೇ ಗೌರೀಶಾ! ಓಡ್ಬಾರ್ಲಾ! ತಾಯಿ ಕಣ್ ಬುಟ್ಲು ಕಣ್ಲಾ!"

ನನ್ನ ಅಮ್ಮ ಅಲ್ಲಿ ಪೂಜೆಗೆ ಕೂತಿದ್ದರು. ಓಡಿದೆವು. ಅಮ್ಮ ಎರಡೂ ಕೈ ಜೋಡಿಸಿ ಗಳಗಳ ಅಳುತ್ತಿದ್ದರು. ದೇವರ ಪಟದ ಮೇಲಿನ ಕೆಂಪು ಜೀರೋ ಬಲ್ಬನ್ನು ತೋರಿಸಿ, "ಅತ್ಕಂತು ಆರ್ತು, ಅತ್ಕಂತು ಆರ್ತು ಕಣ್ಲಾ! ಮನೆ ಕಷ್ಟ ಕಳೀಲಿ ತಾಯಿ ಅಂತ ಈಗಿನ್ನ ಕೇಳ್ದೆ. ಊಂ ಊಂ ಅಂತ ಮಿಣುಕ್ತು!" ಅಂದರು.

"ಅಮ್ಮಾ, ಅದು ವನಜಾ ಮೆಷಿನ್ ತುಳಿದದ್ದು!"

"ಮುಚ್ಲಾ ಬಾಯ! ನನ್ ಸೊಸೆ ಕಾಲಾಗೆ ಅಂತಾ ಸಕ್ತಿ ಐತಾ?"

"ನೀವೇ ನೋಡಿ ಅತ್ತೆ," ಎಂದು ವನಜಾ ಮತ್ತೆ ಹೋಗಿ ತುಳಿದಳು. ಬಲ್ಬು ಮಿಣುಕಿತು. ಅಮ್ಮ ಬಲ್ಬನ್ನು ನೋಡಿದರು, ಸೊಸೆಯನ್ನು ನೋಡಿದರು, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ದೇವ್ರ ಮನೇಲೂ ಆಟ ಆಡ್ತೀಯೇನ್ಲಾ, ಮೂದೇವಿ!"

ಈಗ ಮನೆಯಲ್ಲಿ ಮೂವರಿಗೂ ಕೋಪ. ನನಗೆ ವೈರುಗಳ ಮೇಲೆ, ಅವರಿಬ್ಬರಿಗೂ ನನ್ನ ಮೇಲೆ. ಗಡಿಯಾರ ನೋಡಿ ವನಜಾ ಹಲ್ಲು ಕಡಿಯುತ್ತಿದ್ದಳು. ಉಳಿದದ್ದು ಎರಡೇ ವೈರು. ಒಂದು ನ್ಯೂಟ್ರಲ್ಲು, ಒಂದು ಅರ್ತು. ಇನ್ನು ತಪ್ಪುವ ಪ್ರಶ್ನೆಯೇ ಇಲ್ಲ! ಒಂದನ್ನು ಎತ್ತಿ ಬಿಗಿದೆ. ಇನ್ನೊಂದನ್ನು ಯಾವುದಕ್ಕೂ ಸೇರಿಸದೆ ಟೇಪು ಸುತ್ತಿ ಒಳಗೆ ನೂಕಿದೆ. ಮೇನ್ ಆನ್. ವನಜಾ ನಂಬಿಕೆಯಿಲ್ಲದ ಕಾಲಿನಿಂದ ಪೆಡಲ್ ಒತ್ತಿದಳು.

ಟರ್ರ್‌ರ್‌ರ್!

ಮೆಷಿನ್ನು ಓಡಿತು! ಸೂಜಿ ಕುಣಿಯಿತು! ಫ್ಯಾನು ಸುಮ್ಮನಿತ್ತು, ದೇವಿ ಸುಮ್ಮನಿದ್ದಳು!

"ನೋಡಿದೆಯಾ? ನೋಡಿದೆಯಾ? ಯಾರೋ ಗಂಡ ಯಾಕಿದಾನೆ ಅಂದಿದ್ರಲ್ಲ?"

"ಸರಿ ಸರಿ. ಮಾತಾಡಿಸ್ಬೇಡಿ, ಹೊಲಿಗೆ ಸೊಟ್ಟ ಆಗುತ್ತೆ," ಅಂದಳು. ಆದರೆ ತುಟಿಯ ತುದಿಯಲ್ಲಿ ಒಂದಿಷ್ಟು ನಗು ಇತ್ತು. ಅದನ್ನು ನೋಡಿ ನನ್ನ ಎದೆ ಕಾಫಿ ಕಲೆಯ ಸಮೇತ ಉಬ್ಬಿತು.

ಉಬ್ಬಿದ ಎದೆ ಇಳಿಯುವ ಮೊದಲೇ ಓಬಳಮ್ಮ ಬಂದರು. ಬಾಗಿಲಲ್ಲೇ ಶುರು.

"ಏನ್ ವನಜಮ್ಮ, ಮನೆ ತುಂಬಾ ನೆಂಟ್ರು. ಒಬ್ಬೊಬ್ರೂ 'ಎಲ್ಲಿ ಬ್ಲೌಸು, ಎಲ್ಲಿ ಬ್ಲೌಸು' ಅಂತ ನನ್ ಪ್ರಾಣ ತಿಂದಾಕ್ಬುಟ್ರು. ನೀನು ನೋಡಿದ್ರೆ ಇನ್ನೂ ತೋಳ್ ಹಿಡ್ಕಂಡು ಕುಂತಿದೀಯ!"

"ಹತ್ತೇ ನಿಮಿಷ ಅಕ್ಕ. ಕರೆಂಟ್ ಪಾಯಿಂಟ್ ಕೆಟ್ಟಿತ್ತು, ಇವ್ರು ಈಗ ಸರಿ ಮಾಡಿದ್ರು. ಕೈಕಾಲು ತೊಳ್ಕೊಳ್ಳಿ, ಫ್ರಿಜ್ಜಲ್ಲಿ ತಣ್ಣೀರಿದೆ ಕುಡೀರಿ."

ಓಬಳಮ್ಮ ಹಿತ್ತಲಲ್ಲಿ ಕಾಲು ತೊಳೆದು, ಒದ್ದೆ ಕಾಲಲ್ಲೇ ಅಡಿಗೆಮನೆಗೆ ಹೋದರು. ಇತ್ತ ಮೆಷಿನ್ನು ಟರ್ರ್ ಎಂದು ಓಡುತ್ತಿತ್ತು. ಅತ್ತ ಅವರು ಫ್ರಿಜ್ಜಿನ ಕಬ್ಬಿಣದ ಬಾಗಿಲಿಗೆ ಕೈ ಹಾಕಿದರು.

"ಅಯ್ಯಯ್ಯಪ್ಪೋ!!"

ಆ ಕೂಗಿಗೆ ನಮ್ಮ ಬೀದಿಯ ನಾಯಿಗಳೆಲ್ಲ ಬೊಗಳಿದವು. ವನಜಾ ಮೆಷಿನ್ನು ಬಿಟ್ಟು ಓಡಿದಳು. ನಾನೂ ಓಡಿದೆ. ಓಬಳಮ್ಮ ಅಕ್ಕಿ ಡಬ್ಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಡುಗುತ್ತಿದ್ದರು.

"ಜುಮ್ ಅಂತು ಕಣಮ್ಮ! ನೆತ್ತೀಗಂಟ ಹೊಡ್ದ್ಬುಡ್ತು! ಏನ್ ಸ್ವಾಮಿ, ಕರೆದು ಸಾಯ್ಸಕ್ಕೆ ಮಡಗಿದ್ದೀರಾ ಇದ್ನ?"

ನಾನು ಫ್ರಿಜ್ಜಿನ ತಂಟೆಗೇ ಹೋಗಿರಲಿಲ್ಲ. ಮಾಡದ ತಪ್ಪನ್ನು ಹೊರುವವನಲ್ಲ ನಾನು! ಕೋಪ ನೆತ್ತಿಗೇರಿತು.

"ಓಬಳಮ್ಮನೋರೇ, ಬಿಸಿಲಲ್ಲಿ ಬಂದಿದೀರ, ತಲೆ ಸುತ್ತಿರಬೇಕು. ಫ್ರಿಜ್ಜಿನಲ್ಲಿ ಏನೂ ಇಲ್ಲ. ಇಲ್ಲಿ ನೋಡಿ!" ಎಂದು ಅಂಗೈಯನ್ನು ಬಾಗಿಲಿಗೆ ಅಂಟಿಸಿದೆ. ಏನೂ ಆಗಲಿಲ್ಲ. "ನೋಡಿದ್ರಾ?" ಎಂದು ತಟ್ಟಿದೆ. ತಬಲಾದಂತೆ ಬಾರಿಸಿದೆ. "ಎಲ್ಲಿದೆ ಕರೆಂಟು? ಹೇಳಿ, ಎಲ್ಲಿದೆ?"

ವನಜಾ ಓಬಳಮ್ಮನಿಗೆ ನೀರು ಕುಡಿಸಿ, ಏನೂ ಆಗಿಲ್ಲವೆಂದು ನೋಡಿಕೊಂಡು, ನಡುಮನೆಗೆ ಹೋಗಿದ್ದಳು. ಬ್ಲೌಸಿನ ಆತುರಕ್ಕೆ ತುಳಿದಳೋ, ಬೇಕೆಂದೇ ತುಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಟರ್ರ್ ಎಂದಿತು ಮೆಷಿನ್ನು. ಅದೇ ಗಳಿಗೆಯಲ್ಲಿ ಯಾರೋ ನನ್ನ ತೋಳನ್ನು ಭುಜದಿಂದ ಕಿತ್ತು ಒಗೆದಂತಾಯಿತು! ಬಾಯಿಂದ ಎಂಥ ಸದ್ದು ಹೊರಟಿತೋ ಕಾಣೆ. ಅಮ್ಮ ಮಾತ್ರ, "ಎಮ್ಮೆ ಕರ ಅರಚ್ದಂಗಾಯ್ತಲ್ಲ, ಯಾರ್ ಮನೇದು?" ಎನ್ನುತ್ತ ಬಂದರು. ನಾನೀಗ ಓಬಳಮ್ಮನ ಪಕ್ಕದಲ್ಲೇ ಅಕ್ಕಿ ಡಬ್ಬಕ್ಕೆ ಒರಗಿ ಕೂತಿದ್ದೆ.

"ಸಿಕ್ತಾ ಸ್ವಾಮಿ ಕರೆಂಟು?" ಎಂದು ಓಬಳಮ್ಮ ಕೇಳಿದರು.

ತಲೆ ಆಗ ಕೆಲಸ ಮಾಡಿತು. ಕೊನೆಗೆ ನಾನು ಎತ್ತಿಕೊಂಡದ್ದು ನ್ಯೂಟ್ರಲ್ ಅಲ್ಲ, ಅರ್ತು! ಕರೆಂಟು ಮೆಷಿನ್ನಿನಿಂದ ಅರ್ತಿನ ವೈರಿಗೆ ಇಳಿದಿತ್ತು. ಹಿತ್ತಲಿನ ಅರ್ತ್ ಗುಂಡಿಗೆ ನೀರು ಹಾಕಿದವರ್ಯಾರು? ನಮ್ಮ ಕಡೆಯ ಒಣ ನೆಲದಲ್ಲಿ ಅದು ಸುಣ್ಣದಂತೆ ಒಣಗಿತ್ತು. ಭೂಮಿಗಿಳಿಯಲು ದಾರಿಯಿಲ್ಲದ ಕರೆಂಟು ಅದೇ ಅರ್ತು ಹಿಡಿದು ಫ್ರಿಜ್ಜಿಗೆ ಬಂದು, ಮುಟ್ಟುವವರಿಗಾಗಿ ಕಾದು ನಿಂತಿತ್ತು.

ವನಜಾಗೆ ಹೇಳಿದೆ. ಅವಳು ಮೆಷಿನ್ನಿನಿಂದ ಎದ್ದಳು. ಹೋಗಿ ಮೇನ್ ಆಫ್ ಮಾಡಿ ಬಂದಳು. ಆಮೇಲೆ ಓಬಳಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತ, ನನ್ನ ಮುಖ ನೋಡದೆ ಅಂದಳು: "ನಾಳೆ ಮಗಳ ಧಾರೆ ಇಟ್ಕೊಂಡಿರೋ ತಾಯಿ. ಇವರಿಗೆ ಏನಾದ್ರೂ ಆಗಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಅಷ್ಟು ಹೊತ್ತೂ ಕುದಿಯುತ್ತಿದ್ದ ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಬೈದಿದ್ದರೆ ಎದುರು ಬೈಯಬಹುದಿತ್ತು. ಅವಳು ಓಬಳಮ್ಮನ ಕೈ ತಿಕ್ಕುತ್ತಲೇ ಇದ್ದಳು. "ತಪ್ಪಾಯ್ತು ಓಬಳಮ್ಮನೋರೇ," ಅಂದೆ. ಕೋರ್ಟಿನ ಗಂಟಲಿನಿಂದ ಪಿಸುಮಾತು ಬಂತು.

"ಓಗ್ಲಿ ಬುಡಿ. ಜೀವ ಐತಲ್ಲ. ಇನ್ಮ್ಯಾಕೆ ನಿಮ್ ಮನೇಲಿ ನೀರ್ ಮಾತ್ರ ಕೇಳಾಕಿಲ್ಲ," ಎಂದು ಆಕೆ ಎದ್ದರು.

ವನಜಾ ಮೆಷಿನ್ನನ್ನು ಸೊಂಟಕ್ಕೆ ಏರಿಸಿಕೊಂಡಳು. ಓಬಳಮ್ಮ ಬ್ಲೌಸು, ದಾರದುಂಡೆ, ಕತ್ತರಿ ಹಿಡಿದರು. ಇಬ್ಬರೂ ಪಕ್ಕದ ಮನೆ ಜಯಕ್ಕನಲ್ಲಿಗೆ ಹೊರಟರು. ನಾನು ಎತ್ತಿಕೊಡಲು ಹೋದೆ. "ಮುಟ್ಟಬೇಡಿ!" ಅಂದಳು ವನಜಾ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಟರ್ರ್ ಸದ್ದೂ, ಮೂವರು ಹೆಂಗಸರ ನಗುವೂ ಕೇಳಿಸಿದವು. ಯಾಕೆ ನಗುತ್ತಿದ್ದರೆಂದು ವಿಚಾರಿಸುವ ಅಗತ್ಯವಿರಲಿಲ್ಲ.

ಹೊತ್ತು ಇಳಿಯುವ ಮುನ್ನ ಮನೆಯ ಮುಂದೆ ಬೈಕು ನಿಂತಿತು. ತಿಪ್ಪೇರುದ್ರ! ತಲೆ ಬಾಚಿಕೊಂಡು, ನಾಗಲಮಡಿಕೆಯ ಕುಂಕುಮ ಹಣೆಗಿಟ್ಟುಕೊಂಡು ನಗುತ್ತಾ ನಿಂತಿದ್ದ. "ಸಾರ್, ಅರ್ಧ ಗಂಟೆ ಅಂದಿದ್ನಲ್ಲ, ಸ್ವಲ್ಪ ಲೇಟಾಯ್ತು!"

ಅವನಿಗೆಂದು ಐದು ದಿನ ಕೂಡಿಟ್ಟ ಬೈಗುಳ ನನ್ನ ಬಳಿ ಇತ್ತು. ಒಂದೂ ಹೊರಬರಲಿಲ್ಲ. ಬೋರ್ಡು ತೋರಿಸಿ, ಟಾರ್ಚು ಹಿಡಿದು ಪಕ್ಕದಲ್ಲಿ ನಿಂತೆ.

ತಿಪ್ಪೇರುದ್ರ ಪಾವಗಡ ಕಡೆಯವನು. ಸಿಟ್ಟು ಬಂದರೆ ಅರ್ಧ ತೆಲುಗಾಗುತ್ತಾನೆ. ಬೋರ್ಡಿನೊಳಗೆ ಇಣುಕಿದವನೇ, "ಅಮ್ಮೋ! ಏಂದಿ ಸಾರ್ ಇದು! ಎವಡು ಮಾಡಿದ್ದು? ಅರ್ತ್ ತಗೊಂಡೋಗಿ ನ್ಯೂಟ್ರಲ್‌ಗೆ ಹಾಕವ್ನಲ್ಲ!" ಎಂದು ಕಿರುಚಿದ.

ನಾನು ನಿಜ ಹೇಳಬಹುದಿತ್ತು. "ಅದೂ... ನೀನು ಸಿಗಲಿಲ್ಲ ಅಂತ ಬೇರೆ ಒಬ್ಬನನ್ನ ಕರೆಸಿದ್ದೆ. ಅವನು ಮಾಡಿದ್ದು," ಅಂದೆ.

"ಬೇರೆಯೋನಾ? ಅವ್ನು ಎಲೆಕ್ಟ್ರಿಷಿಯನ್ನಾ ಸಾರ್? ಕತ್ತೆ ಮೇಯ್ಸೋಕೂ ಲಾಯಕ್ಕಿಲ್ಲ ವಾಡು!"

"ಹೌದೌದು," ಅಂದೆ. "ಆದ್ರೆ ಐದಕ್ಕೂ ಕೆಂಪು ವೈರೇ ಹಾಕಿದ್ದಾರಲ್ಲ, ಅದು ಯಾರೋ?"

"ಅದು ನಾನೇ ಸಾರ್. ಅವತ್ತು ಅಂಗಡೀಲಿ ಕೆಂಪೊಂದೇ ಇತ್ತು. ಅದಿರ್ಲಿ, ಈ ನನ್ಮಗ ಗುರುತು ಮಾಡ್ಕೊಳ್ದೆ ಎಲ್ಲಾ ಕಿತ್ತವ್ನಲ್ಲ, ತಲೇಲಿ ಏನೈತೆ ಸಾರ್ ಅವನಿಗೆ?"

ನೋಡಿದಿರಾ ಅನ್ಯಾಯ! ಆ ಪಾಪಿ ಕೈಗೇ ಸಿಕ್ಕಿದ್ದಾನೆ, ಕಟ್ಟಲು ವೈರೂ ಇದೆ, ನಾನು ಬಾಯಿ ಬಿಡುವಂತಿಲ್ಲ! ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹುಕ್ಕಿನ ಡಬ್ಬಿಗೆಂದು ಬಂದಿದ್ದ ವನಜಾ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಕುರ್ಚಿ ಎಳೆದುಕೊಂಡು, ಆರಾಮವಾಗಿ ಕೂತಳು.

"ಹೇಳು ತಿಪ್ಪೇರುದ್ರಣ್ಣ. ಅವನ ತಲೇಲಿ ಏನಿರ್ಬೋದು?"

"ಸಗಣಿ ಅಕ್ಕ!"

"ಇನ್ನೂ ಸ್ವಲ್ಪ ಜೋರಾಗಿ ಹೇಳಣ್ಣ. ಅತ್ತೆಗೆ ಕಿವಿ ಮಂದ."

"ಸಗಣೀ! ಒಣಗಿದ್ ಸಗಣಿ! ಇಂತಾವ್ನು ಮನೆಗೆ ಬಂದ್ರೆ ಹೊಸಲು ದಾಟ್ಸಬಾರ್ದು ಅಕ್ಕ!"

"ದಿನಾ ಬರ್ತಾನೆ ಕಣಣ್ಣ. ಬಂದು ಊಟಾನೂ ಮಾಡ್ತಾನೆ."

"ಊಟ ಬೇರೆ ಹಾಕ್ತೀರಾ? ಚೆನ್ನಾಗೈತೆ! ಏನ್ ಸಾರ್, ನೀವಾದ್ರೂ ಒಂದ್ ಮಾತು ಹೇಳ್ಬಾರ್ದಾ?"

"ಅದೇ... ಹೇಳ್ಬೇಕು... ತಪ್ಪು..." ಎಂದು ತೊದಲಿದೆ. ಕೈಯಲ್ಲಿದ್ದ ಟಾರ್ಚಿನ ಬೆಳಕು ಸೂರಿನ ಮೇಲೆ ಅಲೆದಾಡುತ್ತಿತ್ತು. "ನೆಟ್ಟಗೆ ಹಿಡೀರಿ ಸಾರ್!" ಎಂದು ಅವನು ಅದಕ್ಕೂ ಗದರಿದ.

ಕೊನೆಯ ಸ್ಕ್ರೂ ಬಿಗಿದು, ಮೇನ್ ಹಾಕಿ, ತಿಪ್ಪೇರುದ್ರ ಕೈ ಒರೆಸಿಕೊಂಡ. ಫ್ಯಾನು ಫ್ಯಾನಿನ ಸ್ವಿಚ್ಚಿಗೆ ತಿರುಗಿತು. ಬಲ್ಬು ಬಲ್ಬಿನ ಸ್ವಿಚ್ಚಿಗೆ ಹತ್ತಿತು. ಆದರೆ ಅವನ ಕೋಪ ಆರಲಿಲ್ಲ. ಬೈಕಿನ ಕೀಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತ.

"ಸಾರ್, ಆ ಬಡ್ಡೀಮಗನ ಹೆಸ್ರೇಳಿ. ನಮ್ಮೋರಿಗೆಲ್ಲಾ ಹೇಳಿ, ನಾಲ್ಕು ತಾಲ್ಲೂಕಾಗೂ ಅವನಿಗೆ ಯಾರೂ ಒಂದ್ ಬಲ್ಬು ಕೊಡ್ದಂಗ್ ಮಾಡ್ತೀನಿ!"

"ಹೆಸರು... ಜ್ಞಾಪಕ ಇಲ್ಲಪ್ಪ," ಅಂದೆ.

"ಅಕ್ಕ, ನಿಮಗಾದ್ರೂ ಗೊತ್ತಾ?"

ವನಜಾ ಕುರ್ಚಿಯಿಂದ ಎದ್ದಳು. ಸೆರಗು ಸರಿಮಾಡಿಕೊಂಡಳು. ಮದುವೆಯಾದ ದಿನದಿಂದ ಇವತ್ತಿನವರೆಗೆ ನನ್ನ ಮುಂದೆ ಒಮ್ಮೆಯೂ ತೋರಿಸದ ನಾಚಿಕೆಯಿಂದ ತಲೆ ಬಗ್ಗಿಸಿ ಅಂದಳು:

"ಚೆನ್ನಾಗಿ ಗೊತ್ತು ಕಣಣ್ಣ. ಆದ್ರೆ ನಮ್ಮಲ್ಲಿ ಹೆಂಗಸ್ರು ಆ ಹೆಸ್ರನ್ನ ಬಾಯ್ಬಿಟ್ಟು ಹೇಳಂಗಿಲ್ಲ!"